ಜನಮತವೂ ಜನಜೀವನವೂ: ಗೋವೆಯ 1967ರ ತೀರ್ಪು

ಒಂದು ಪ್ರದೇಶವು ಯಾವ ರಾಜ್ಯಕ್ಕೆ ಸೇರಬೇಕು ಎಂಬ ವಿವಾದವು ಎದ್ದಾಗ ಅಲ್ಲಿಯ ಜನರನ್ನೇ ಕೇಳಿ ತೀರ್ಮಾನಿಸುವುದು ನ್ಯಾಯವಾದ ಮಾರ್ಗವೆಂದು ಎಲ್ಲರೂ ಒಪ್ಪುತ್ತಾರೆ. ಗಡಿನಾಡಿನಲ್ಲಿ ಬಾಳುವ ನಮಗೆ ಈ ಮಾತು ಹೊಸದಲ್ಲ. ನಮ್ಮ ಸಭೆಗಳಲ್ಲಿ, ನಮ್ಮ ಮನವಿಗಳಲ್ಲಿ, ಕಟ್ಟೆಯ ಮೇಲೆ ಕುಳಿತ ಹಿರಿಯರ ಸಂಭಾಷಣೆಯಲ್ಲಿ, ‘ಜನರನ್ನು ಕೇಳಲಿ, ತಾನೇ ತಿಳಿಯುತ್ತದೆ’ ಎಂಬ ಮಾತು ಎಷ್ಟೋ ಸಲ ಬಂದುಹೋಗಿದೆ. ಆದರೆ ಕೇಳಿದಾಗ ಜನರು ಏನು ಹೇಳುತ್ತಾರೆ, ಏತಕ್ಕಾಗಿ ಹಾಗೆ ಹೇಳುತ್ತಾರೆ ಎಂಬುದನ್ನು ನಾವು ಅಷ್ಟಾಗಿ ವಿಚಾರಿಸಿಲ್ಲ. ಮನೆಯಲ್ಲಾಡುವ ಭಾಷೆಯೊಂದನ್ನೇ ನೋಡಿ ಒಬ್ಬನ ಮತವನ್ನು ಮುಂಚಿತವಾಗಿ ಎಣಿಸಿಬಿಡಬಹುದೆ? ಅವನ ಹೊಲ, ಅವನ ಸಾಲ, ಅವನ ಮಗನ ಶಾಲೆ, ಊರಿನಲ್ಲಿ ಅವನಿಗಿರುವ ಮರ್ಯಾದೆ, ಇವು ಮತಪೆಟ್ಟಿಗೆಯ ಬಳಿಗೆ ಅವನ ಜೊತೆಯಲ್ಲಿ ಬರುವುದಿಲ್ಲವೆ?

ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬೇಕಾದ ಅವಶ್ಯಕತೆಯಿಲ್ಲ. ನಮ್ಮ ನೆರೆಯ ಗೋವೆಯಲ್ಲಿ 1967ನೆಯ ಇಸವಿ ಜನವರಿ 16ರಂದು ಇಂತಹದೇ ಪ್ರಶ್ನೆಯನ್ನು ಜನರ ಮುಂದಿಟ್ಟು ಮತ ತೆಗೆದುಕೊಂಡರು. ಸ್ವತಂತ್ರ ಭಾರತದಲ್ಲಿ ಈ ಬಗೆಯ ಮತದಾನಗಳು ನಡೆದದ್ದು ವಿರಳ. 1948ರಲ್ಲಿ ಜುನಾಗಢದಲ್ಲಿ, 1949ರಲ್ಲಿ ಚಂದ್ರನಗರದಲ್ಲಿ, 1975ರಲ್ಲಿ ಸಿಕ್ಕಿಮಿನಲ್ಲಿ ಜನರನ್ನು ಕೇಳಿದ್ದುಂಟು. ಆದರೆ ಆ ಮೂರು ಕಡೆಗಳಲ್ಲಿಯೂ ಉತ್ತರವು ಬಹುಮಟ್ಟಿಗೆ ಒಮ್ಮುಖವಾಗಿದ್ದಿತು. ಗೋವೆಯಲ್ಲಿ ಮಾತ್ರ ಜನರು ನಿಜವಾಗಿ ಎರಡಾಗಿ ನಿಂತು, ಮನೆಮನೆಯಲ್ಲಿ ವಾದಿಸಿ, ಕೊನೆಗೆ ಒಂದು ತೀರ್ಪನ್ನು ಕೊಟ್ಟರು. ಆದುದರಿಂದ ಆ ಒಂದು ಪ್ರಸಂಗವನ್ನು ನಿಧಾನವಾಗಿ ಪರಿಶೀಲಿಸುವುದು ನಮಗೆ ಪ್ರಯೋಜನಕರವಾದುದು.

ಮೊದಲು ಆ ನಾಡಿನ ಸ್ಥಿತಿಯನ್ನು ತಿಳಿಯಬೇಕು. 1510ರಲ್ಲಿ ಪೋರ್ತುಗೀಜರು ಗೋವೆಯ ದ್ವೀಪವನ್ನು ಹಿಡಿದರು. ತಿಸವಾಡಿ, ಬಾರದೇಶ, ಸಾಷ್ಟಿ ಎಂಬ ಕರಾವಳಿಯ ಭಾಗಗಳು ಹದಿನಾರನೆಯ ಶತಮಾನದಲ್ಲಿಯೇ ಅವರ ವಶವಾದವು. ಅಲ್ಲಿ ಮತಾಂತರವು ಬಹು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಇವನ್ನು ‘ಹಳೆಯ ಗೆಲುವಿನ ನಾಡು’ ಎಂದು ಕರೆಯುವ ವಾಡಿಕೆ. ಪೆಡಣೆ, ಡಿಚೋಲಿ, ಸತ್ತರಿ, ಫೋಂಡಾ, ಸಾಂಗೆ, ಕೇಪೆ, ಕಾಣಕೋಣಗಳು ಹದಿನೆಂಟನೆಯ ಶತಮಾನದಲ್ಲಿ ಸೇರಿದ ‘ಹೊಸ ಗೆಲುವಿನ ನಾಡು’. ಇವುಗಳಲ್ಲಿ ಫೋಂಡಾ, ಕಾಣಕೋಣ ಮೊದಲಾದವು ಅದಕ್ಕೆ ಮುಂಚೆ ನಮ್ಮ ಸೋದೆಯ ಅರಸರ ಆಳ್ವಿಕೆಯಲ್ಲಿದ್ದವು. ಹೈದರ ಅಲಿಯ ದಂಡಯಾತ್ರೆಯ ಕಾಲದಲ್ಲಿ ಸೋದೆಯ ಅರಸು ಗೋವೆಯಲ್ಲಿ ಆಶ್ರಯ ಪಡೆದುದನ್ನು ಕನ್ನಡ ವಾಚಕರು ಬಲ್ಲರು. ಪೋರ್ತುಗೀಜರು ಈ ಎರಡನೆಯ ಭಾಗವನ್ನು ಪಡೆಯುವ ಹೊತ್ತಿಗೆ ಮತಾಂತರದ ಮೊದಲಿನ ಉತ್ಸಾಹವು ಕುಂದಿದ್ದಿತು. ಹೀಗಾಗಿ ಹಳೆಯ ನಾಡಿನಲ್ಲಿ ಕ್ರೈಸ್ತರು ಹೆಚ್ಚಾಗಿಯೂ, ಹೊಸ ನಾಡಿನಲ್ಲಿ ಹಿಂದೂಗಳು ಹೆಚ್ಚಾಗಿಯೂ ಉಳಿದರು.

1961ನೆಯ ಡಿಸೆಂಬರ್ 19ರಂದು ಗೋವೆ ಬಿಡುಗಡೆ ಹೊಂದಿ ಭಾರತದ ಕೇಂದ್ರಾಡಳಿತ ಪ್ರದೇಶವಾಯಿತು. ಆಗ ಅಲ್ಲಿಯ ಜನಸಂಖ್ಯೆ ಸುಮಾರು 5.9 ಲಕ್ಷ. ಅವರಲ್ಲಿ ಸ್ಥೂಲವಾಗಿ ಐದರಲ್ಲಿ ಮೂರು ಪಾಲು ಹಿಂದೂಗಳು, ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕ್ರೈಸ್ತರು. ಮನೆಮಾತು ಬಹುಪಾಲು ಎಲ್ಲರಿಗೂ ಕೊಂಕಣಿಯೇ. ಆದರೆ ಹಿಂದೂಗಳಲ್ಲಿ ಕೀರ್ತನೆ, ಪುರಾಣ, ನಾಟಕ, ಪತ್ರವ್ಯವಹಾರ ಎಲ್ಲವೂ ಮರಾಠಿಯಲ್ಲಿ. ಕ್ರೈಸ್ತರಲ್ಲಿ ಪ್ರಾರ್ಥನೆ ಮತ್ತು ನಾಟಕ ರೋಮನ್ ಲಿಪಿಯ ಕೊಂಕಣಿಯಲ್ಲಿ, ವಿದ್ಯೆ ಪೋರ್ತುಗೀಜಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಒಂದೇ ನುಡಿಯನ್ನಾಡುವ ನೆರೆಹೊರೆಯವರು ಎರಡು ಬೇರೆ ಪುಸ್ತಕಗಳನ್ನು ಓದುತ್ತಿದ್ದರೆಂದು ಹೇಳಬಹುದು.

1963ರ ಡಿಸೆಂಬರಿನಲ್ಲಿ ಮೊದಲ ಚುನಾವಣೆ ನಡೆಯಿತು. ಗೋವೆಯನ್ನು ಮಹಾರಾಷ್ಟ್ರದಲ್ಲಿ ವಿಲೀನಗೊಳಿಸಬೇಕೆಂಬ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷವು ಗೆದ್ದು, ಗಣಿಯ ಒಡೆಯರಾದ ಶ್ರೀ ದಯಾನಂದ ಬಾಂದೋಡಕರರು ಮುಖ್ಯಮಂತ್ರಿಗಳಾದರು. ಗೋವೆ ಪ್ರತ್ಯೇಕವಾಗಿಯೇ ಇರಬೇಕೆಂಬ ಯುನೈಟೆಡ್ ಗೋವನ್ಸ್ ಪಕ್ಷವು ಡಾಕ್ಟರ್ ಜ್ಯಾಕ್ ದ ಸಿಕ್ವೇರಾ ಅವರ ಮುಂದಾಳುತನದಲ್ಲಿ ವಿರೋಧ ಪಕ್ಷವಾಗಿ ನಿಂತಿತು. 1965ರಲ್ಲಿ ವಿಧಾನಸಭೆಯು ವಿಲೀನದ ಪರವಾಗಿ ಠರಾವು ಮಾಡಿತು. ಗೋವೆಯು ತನ್ನಲ್ಲಿಗೆ ಬರಬೇಕೆಂಬ ಮಾತು ಆ ದಿನಗಳಲ್ಲಿ ಮೈಸೂರು ರಾಜ್ಯದಲ್ಲಿಯೂ ಕೇಳಿಬಂದಿತ್ತು. ಸಭೆಯಲ್ಲಿ ಕೈಯೆತ್ತಿಸಿ ಇಂತಹ ವಿಷಯವನ್ನು ತೀರಿಸಬಾರದು, ಪ್ರತಿಯೊಬ್ಬ ಮತದಾರನನ್ನೂ ಕೇಳಬೇಕು ಎಂದು ವಿರೋಧ ಪಕ್ಷದವರು ಹಟ ಹಿಡಿದರು. ಗೋವೆಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಶ್ರೀ ಪುರುಷೋತ್ತಮ ಕಾಕೋಡಕರರೂ ದಿಲ್ಲಿಯಲ್ಲಿ ಇದೇ ಮಾತನ್ನು ಹೇಳಿದರು. ನಮ್ಮ ಸಂವಿಧಾನದಲ್ಲಿ ಜನಮತಗಣನೆಯ ಪ್ರಸ್ತಾಪವಿಲ್ಲ. ಗಡಿಗಳನ್ನು ಬದಲಿಸುವ ಅಧಿಕಾರವೆಲ್ಲವೂ ಮೂರನೆಯ ಅನುಚ್ಛೇದದಂತೆ ಪಾರ್ಲಿಮೆಂಟಿನದು. ಆದಕಾರಣ ಪಾರ್ಲಿಮೆಂಟು 1966ರ ಡಿಸೆಂಬರಿನಲ್ಲಿ ಒಂದು ಪ್ರತ್ಯೇಕ ಕಾಯಿದೆಯನ್ನು ಮಾಡಿ, ಅದಕ್ಕೆ ‘ಒಪಿನಿಯನ್ ಪೋಲ್’ ಎಂದರೆ ಜನಾಭಿಪ್ರಾಯದ ಮತದಾನವೆಂದು ಹೆಸರಿಟ್ಟಿತು. ಮತದಾನವು ನಿಷ್ಪಕ್ಷಪಾತವಾಗಿ ನಡೆಯಲೆಂದು ಬಾಂದೋಡಕರರ ಮಂತ್ರಿಮಂಡಲವು ರಾಜೀನಾಮೆ ಕೊಟ್ಟು ಹೊರಗೆ ಬಂದಿತು. ವಿಲೀನ ಬೇಕೆನ್ನುವವರಿಗೆ ಹೂವಿನ ಗುರುತು, ಕೇಂದ್ರಾಡಳಿತವೇ ಇರಲಿ ಎನ್ನುವವರಿಗೆ ಎರಡು ಎಲೆಗಳ ಗುರುತು.

ಇನ್ನು ಹೂವಿನ ಕಡೆಗೂ ಎಲೆಯ ಕಡೆಗೂ ಜನರನ್ನು ಎಳೆದ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಎಲ್ಲಕ್ಕೂ ಮೊದಲಿನದು ನೆಲ. ಗೋವೆಯ ಹಳ್ಳಿಗಳಲ್ಲಿ ಗಾಂವಕರಿ ಎಂಬ ಪ್ರಾಚೀನವಾದ ಗ್ರಾಮಸಮುದಾಯದ ಭೂಮಿಯೂ, ಭಾಟಕಾರರೆಂಬ ಜಮೀನುದಾರರ ಭೂಮಿಯೂ ಇದ್ದವು. ಭಾಟಕಾರರಲ್ಲಿ ಮೇಲ್ಜಾತಿಯ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಅವರ ನೆಲದಲ್ಲಿ ಗೇಣಿಗೆ ಉಳುವವನಿಗೆ ನೆಲದ ಮೇಲೆ ಭದ್ರವಾದ ಹಕ್ಕು ಇರಲಿಲ್ಲ. ಭಾಟಕಾರನ ತೋಟದ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುವ ಮುಂಡಕಾರನ ಸ್ಥಿತಿ ಇನ್ನೂ ಹೀನವಾದುದು: ತಲೆಯ ಮೇಲಿನ ಸೂರು ಕೂಡ ಧಣಿಯ ಮರ್ಜಿಯಲ್ಲಿದ್ದಿತು. ಇಂತಹ ಒಕ್ಕಲಿಗೆ ಮಹಾರಾಷ್ಟ್ರವೆಂದರೆ ಏನಾಗಿ ಕಾಣಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಡಿಯಾಚೆ ಗೇಣಿಯ ಕಾಯಿದೆಗಳು ಬಂದಿದ್ದವು. ಉಳುವವನಿಗೇ ಹೊಲ ಎಂಬ ಮಾತು ಅಲ್ಲಿ ಕಾನೂನಿನ ಪುಸ್ತಕವನ್ನು ಸೇರಿದ್ದಿತು. ಬ್ರಾಹ್ಮಣೇತರ ಸಮಾಜದವರು ಅಲ್ಲಿ ಆಡಳಿತದ ಸೂತ್ರವನ್ನು ಹಿಡಿದಿದ್ದರು. ಗೋವೆಯ ‘ಬಹುಜನ ಸಮಾಜ’ವು ಹೂವಿನ ಗುರುತಿನಲ್ಲಿ ಕಂಡದ್ದು ಮರಾಠಿಯ ಅಭಿಮಾನವನ್ನು ಮಾತ್ರವೇ ಎಂದು ತಿಳಿದರೆ ತಪ್ಪಾದೀತು. ಧಣಿಯ ಮುಂದೆ ನೆಟ್ಟಗೆ ನಿಲ್ಲುವ ದಿನವನ್ನೂ ಅವರು ಅದರಲ್ಲಿ ಕಂಡರು.

ಎರಡನೆಯದು ಶಾಲೆ. ಪೋರ್ತುಗೀಜರ ಕಾಲದಲ್ಲಿ ಹಿಂದೂ ಹಳ್ಳಿಗನ ಮಕ್ಕಳಿಗೆ ದೊರೆಯುತ್ತಿದ್ದ ವಿದ್ಯೆ ಬಹಳ ಸ್ವಲ್ಪ. ದೊರೆತದ್ದೂ ಖಾಸಗಿಯವರು ನಡೆಸುತ್ತಿದ್ದ ಮರಾಠಿ ಶಾಲೆಗಳಲ್ಲಿ. ಬಾಂದೋಡಕರರ ಸರಕಾರವು ಬಂದ ಮೇಲೆ ಹಳ್ಳಿಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಗಳು ಎದ್ದವು. ತನ್ನ ಮನೆತನದಲ್ಲಿ ಮೊದಲ ಸಲ ಅಕ್ಷರ ಕಲಿಯುತ್ತಿರುವ ಹುಡುಗನ ತಂದೆಗೆ, ಆ ಅಕ್ಷರವು ಮನೆಮಾತಿನದೋ ಅಲ್ಲವೋ ಎಂಬ ಜಿಜ್ಞಾಸೆಗಿಂತ ಹುಡುಗನು ಓದುತ್ತಿದ್ದಾನೆ ಎಂಬುದೇ ದೊಡ್ಡದು. ಇದು ಹೂವಿನ ಕಡೆಗೆ ಬಿದ್ದ ಬಲ.

ಮೂರನೆಯದು ನೌಕರಿ. ಬಿಡುಗಡೆಯ ತರುವಾಯ ಆಡಳಿತವನ್ನು ನಡೆಸಲು ಹೊರಗಿನ ರಾಜ್ಯಗಳಿಂದ ಅನೇಕ ಅಧಿಕಾರಿಗಳು ಎರವಲಾಗಿ ಬಂದರು. ಇದನ್ನು ಕಂಡು ಗೋವೆಯ ವಿದ್ಯಾವಂತರಲ್ಲಿ ಅಸಮಾಧಾನ ಹುಟ್ಟಿತು. ಕೇಂದ್ರಾಡಳಿತ ಪ್ರದೇಶವಾಗಿ ಉಳಿದರೆ ಪಣಜಿಯಲ್ಲಿಯೇ ವಿಧಾನಸಭೆ, ಸಚಿವಾಲಯ, ಇಲಾಖೆಗಳು; ದಿಲ್ಲಿಯಿಂದ ನೇರವಾಗಿ ಹಣ. ವಿಲೀನವಾದರೆ ಗೋವೆ ಒಂದು ದೊಡ್ಡ ರಾಜ್ಯದ ದಕ್ಷಿಣ ತುದಿಯ ಜಿಲ್ಲೆ; ಒಂದು ಕಾಗದಕ್ಕೆ ರುಜು ಬೀಳಬೇಕಾದರೆ ಮುಂಬಯಿಗೆ ಹೋಗಬೇಕು. ಕಲಿತ ಮಧ್ಯಮ ವರ್ಗದವರಲ್ಲಿ, ಹಿಂದೂ ಕ್ರೈಸ್ತರೆಂಬ ಭೇದವಿಲ್ಲದೆ, ಈ ವಿಚಾರವು ಎರಡೆಲೆಯ ಕಡೆಗೆ ತೂಗಿತು.

ನಾಲ್ಕನೆಯದು ತೆಂಗಿನ ಮರ. ಸೇಂದಿ ಇಳಿಸುವುದು, ಫೇಣಿ ಕಾಸುವುದು, ಸಣ್ಣ ಅಂಗಡಿಯಲ್ಲಿ ಅದನ್ನು ಮಾರುವುದು ಇವು ಗೋವೆಯ ಸಾವಿರಾರು ಬಡ ಕುಟುಂಬಗಳ ಜೀವನೋಪಾಯ. ಮಹಾರಾಷ್ಟ್ರದಲ್ಲಿಯಾದರೋ ಮುಂಬಯಿ ಪ್ರಾಂತದ 1949ರ ಪಾನನಿರೋಧ ಕಾಯಿದೆಯು ಕೆಲಮಟ್ಟಿಗೆ ಸಡಿಲವಾಗಿದ್ದರೂ ರದ್ದಾಗಿರಲಿಲ್ಲ. ಮಹಾರಾಷ್ಟ್ರದ ನಾಯಕರು ಗೋವೆಯವರಿಗೆ ನಾನಾ ಆಶ್ವಾಸನೆಗಳನ್ನಿತ್ತರು. ಆದರೆ ಮರವೇರಿ ಹೊಟ್ಟೆ ಹೊರೆಯುವವನು ಭಾಷಣದ ಮಾತಿಗಿಂತ ಕಾಯಿದೆಯ ಮಾತಿಗೆ ಹೆಚ್ಚು ಹೆದರುತ್ತಾನೆ.

ಐದನೆಯದು ಧರ್ಮ ಮತ್ತು ಸಂಖ್ಯೆ. ಗೋವೆಯಲ್ಲಿ ಮೂರರಲ್ಲಿ ಒಂದು ಪಾಲಾಗಿರುವ ಕ್ರೈಸ್ತರು ಮಹಾರಾಷ್ಟ್ರದ ಕೋಟಿಗಟ್ಟಲೆ ಜನರಲ್ಲಿ ಬೆರೆತರೆ ಹಿಡಿಯಷ್ಟಾಗುತ್ತಾರೆ. ಗೋವೆಯ ಅದೆಷ್ಟೋ ಕ್ರೈಸ್ತ ಮನೆಗಳಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ. ಅಲ್ಲಿಯ ಅಡಿಗೆಮನೆಗಳಲ್ಲಿ, ಕಚೇರಿಗಳಲ್ಲಿ, ಅಲ್ಲಿಂದ ಹೊರಡುವ ಹಡಗುಗಳಲ್ಲಿ ದುಡಿಯುವ ಮಕ್ಕಳು ಕಳುಹಿಸಿದ ಹಣದಿಂದಲೇ ಆ ಮನೆಗಳು ನಡೆಯುತ್ತಿದ್ದವು. ಆದರೂ ಅವರು ಮುಂಬಯಿಯಿಂದ ಆಳಿಸಿಕೊಳ್ಳಲು ಒಪ್ಪಲಿಲ್ಲ. ಅನ್ನ ಕೊಡುವ ಊರಿಗೆ ಕೃತಜ್ಞರಾಗಿರುವುದು ಬೇರೆ, ಊರಿನ ಕೀಲಿಕೈಯನ್ನು ಅದರ ಕೈಗೆ ಕೊಡುವುದು ಬೇರೆ. ಆರ್ಥಿಕ ಸಂಬಂಧವು ಮತವನ್ನು ಯಾವಾಗಲೂ ತನ್ನ ಕಡೆಗೇ ಎಳೆಯುತ್ತದೆಂಬ ಸರಳ ಸೂತ್ರಕ್ಕೆ ಇದು ಒಂದು ಅಪವಾದ.

ಕೊನೆಯದಾಗಿ ಭಾಷೆ. ಕೊಂಕಣಿಯು ಮರಾಠಿಯ ಒಂದು ಆಡುನುಡಿ ಎಂದು ವಿಲೀನವಾದಿಗಳು ಹೇಳಿದರು. ಅದು ಸ್ವತಂತ್ರ ಭಾಷೆಯೆಂದು ಶ್ರೀ ರವೀಂದ್ರ ಕೇಳೇಕರರೇ ಮೊದಲಾದ ಹಿಂದೂ ಲೇಖಕರೇ ವಾದಿಸಿದರು. ಇಲ್ಲಿ ಒಂದು ಸ್ವಾರಸ್ಯವುಂಟು. ಎರಡೆಲೆಯ ಪರವಾಗಿ ಹಿಂದೂ ವಾಚಕರ ಮನಸ್ಸನ್ನು ತಿರುಗಿಸಲು ದುಡಿದ ಮುಖ್ಯ ಪತ್ರಿಕೆಯಾದ ‘ರಾಷ್ಟ್ರಮತ’ವು ನಡೆಯುತ್ತಿದ್ದುದು ಮರಾಠಿಯಲ್ಲಿ. ಶ್ರೀ ಉದಯ ಭೇಂಬ್ರೆಯವರು ಅದರಲ್ಲಿ ‘ಬ್ರಹ್ಮಾಸ್ತ್ರ’ ಎಂಬ ಅಂಕಣವನ್ನು ಬರೆದರು. ಮರಾಠಿಯನ್ನು ಓದುವವನೆಲ್ಲ ಮಹಾರಾಷ್ಟ್ರವನ್ನು ಬಯಸುವವನೆಂದು ಹೇಳಲಾಗದು ಎಂಬುದನ್ನು ಆ ಪತ್ರಿಕೆಯೇ ತನ್ನ ಇರವಿನಿಂದ ತೋರಿಸಿಕೊಟ್ಟಿತು. ಶ್ರೀ ಉಲ್ಹಾಸ ಬುಯಾಂವ್ ಅವರಂತಹ ಗಾಯಕರು ಊರೂರು ತಿರುಗಿ ಕೊಂಕಣಿಯಲ್ಲಿ ಹಾಡಿದರು. ಓದುಬಾರದವನಿಗೆ ಪತ್ರಿಕೆ ತಲುಪದಿದ್ದರೂ ಹಾಡು ತಲುಪಿತು.

ಜನವರಿ 16ರಂದು ಮತದಾರರಲ್ಲಿ ನೂರಕ್ಕೆ ಸುಮಾರು 82 ಮಂದಿ ಮತ ಕೊಟ್ಟರು. ಎರಡೆಲೆಗೆ 1,72,191 ಮತಗಳು ಬಂದವು, ಹೂವಿಗೆ 1,38,170. ಅಂತರ 34,021. ವಿಲೀನವು ಬಿದ್ದುಹೋಯಿತು. ಸಾಷ್ಟಿಯು ಬಹು ದೊಡ್ಡ ಪ್ರಮಾಣದಲ್ಲಿ ಎರಡೆಲೆಯನ್ನು ಹಿಡಿಯಿತು. ಪೆಡಣೆ, ಡಿಚೋಲಿ, ಸತ್ತರಿ, ಫೋಂಡಾಗಳು ಹೂವಿನ ಕಡೆಗೆ ನಿಂತವು.

ಈ ಅಂಕಿಗಳನ್ನು ತುಸು ತೂಗಿ ನೋಡೋಣ. ಚಲಾಯಿಸಿದ ಮತಗಳಲ್ಲಿ ಎರಡೆಲೆಗೆ ಬಂದದ್ದು ನೂರಕ್ಕೆ 54ರಷ್ಟು. ಕ್ರೈಸ್ತರು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ. ಅವರೆಲ್ಲರೂ ಒಬ್ಬರೂ ಬಿಡದಂತೆ ಎರಡೆಲೆಗೇ ಮತ ಕೊಟ್ಟರೆಂದು ಎಣಿಸಿದರೂ ಮೊತ್ತವು 54ಕ್ಕೆ ಏರಲಾರದು. ಸ್ಥೂಲವಾಗಿ ಲೆಕ್ಕ ಹಾಕಿದರೆ ಹಿಂದೂ ಮತದಾರರಲ್ಲಿ ನಾಲ್ವರಿಗೆ ಒಬ್ಬರಾದರೂ ವಿಲೀನವನ್ನು ಬೇಡವೆಂದಿರಬೇಕು. ಹಾಗೆಯೇ, ಸುಮಾರು ಹದಿನೇಳು ಸಾವಿರ ಜನ ತಮ್ಮ ಮತವನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿದ್ದರೆ ಇಂದು ಗೋವೆ ಎಂಬ ರಾಜ್ಯವೇ ಇರುತ್ತಿರಲಿಲ್ಲ. ಒಂದು ನಾಡಿನ ಭವಿಷ್ಯವು ಒಂದು ಜಾತ್ರೆಗೆ ನೆರೆಯುವಷ್ಟು ಜನರ ಮನಸ್ಸಿನ ಮೇಲೆ ನಿಂತಿದ್ದಿತು.

ಆ ಮನಸ್ಸು ಏಕೆ ತಿರುಗಿತು? ಇದಕ್ಕೆ ಉತ್ತರವು ಎರಡು ತಿಂಗಳ ನಂತರ ನಡೆದ ಇನ್ನೊಂದು ಘಟನೆಯಲ್ಲಿದೆ. 1967ರ ಮಾರ್ಚ್ ತಿಂಗಳಲ್ಲಿ ವಿಧಾನಸಭೆಯ ಚುನಾವಣೆ ನಡೆದಾಗ, ವಿಲೀನವನ್ನು ತಿರಸ್ಕರಿಸಿದ ಅದೇ ಗೋವೆಯ ಮತದಾರರು ವಿಲೀನವಾದಿ ಪಕ್ಷವನ್ನೇ ಮರಳಿ ಗೆಲ್ಲಿಸಿದರು. ಬಾಂದೋಡಕರರೇ ಪುನಃ ಮುಖ್ಯಮಂತ್ರಿಗಳಾಗಿ 1973ರಲ್ಲಿ ತೀರಿಕೊಳ್ಳುವ ತನಕ ಆ ಸ್ಥಾನದಲ್ಲಿದ್ದರು. ಮೇಲೆ ನೋಡಿದರೆ ಇದು ಚಂಚಲತೆಯಂತೆ ತೋರುತ್ತದೆ. ವಿಚಾರಿಸಿದರೆ ಇದರಲ್ಲಿ ಒಂದು ಕ್ರಮ ಕಾಣುತ್ತದೆ. ಒಕ್ಕಲಿಗೆ ಬೇಕಾಗಿದ್ದುದು ಗೇಣಿಯ ಕಾಯಿದೆ. ಅದನ್ನು ಬಾಂದೋಡಕರರ ಸರಕಾರವು 1964ರಲ್ಲಿ ಪಣಜಿಯಲ್ಲಿಯೇ ಮಾಡಿ, ಗೇಣಿಯನ್ನು ಬೆಳೆಯ ಆರನೆಯ ಒಂದು ಪಾಲಿಗೆ ಮಿತಗೊಳಿಸಿತು. ಬೇಕಾಗಿದ್ದುದು ಶಾಲೆ; ಅದು ಊರಿಗೇ ಬಂದಿತು. ಬೇಕಾಗಿದ್ದುದು ಆಳುವವರಲ್ಲಿ ತನ್ನವನೊಬ್ಬ; ಅವನು ಮುಖ್ಯಮಂತ್ರಿಯಾಗಿ ಕುಳಿತಿದ್ದನು. ಇಷ್ಟೂ ಮನೆಯ ಹೊಸ್ತಿಲಿನಲ್ಲಿಯೇ ದೊರೆಯುವಾಗ ದೂರದ ಮುಂಬಯಿಗೆ ಸೇರುವುದರಿಂದ ಹೆಚ್ಚಿಗೆ ಏನು ಬರಬೇಕು? ವಿಲೀನಕ್ಕಾಗಿ ಹುಟ್ಟಿದ ಸರಕಾರವು ತನ್ನ ಒಳ್ಳೆಯ ಕೆಲಸಗಳಿಂದಲೇ ವಿಲೀನದ ಅವಶ್ಯಕತೆಯನ್ನು ಕಡಿಮೆ ಮಾಡಿತೆಂದು ನನಗೆ ತೋರುತ್ತದೆ. ಮತದಾರನು ನಾಯಕನನ್ನು ಉಳಿಸಿಕೊಂಡನು. ನಾಯಕನ ಗುರಿಯನ್ನು ಬಿಟ್ಟನು.

ತರುವಾಯದ ಇತಿಹಾಸವು ಈ ಮಾರ್ಗದಲ್ಲಿಯೇ ನಡೆಯಿತು. 1975ರಲ್ಲಿ ಮುಂಡಕಾರರನ್ನು ಹೊರದೂಡದಂತೆ ರಕ್ಷಿಸುವ ಕಾಯಿದೆ ಬಂದಿತು. ಗೇಣಿದಾರನನ್ನೇ ನೆಲದ ಒಡೆಯನನ್ನಾಗಿ ಮಾಡುವ ತಿದ್ದುಪಡಿ 1976ರಲ್ಲಿ ಆಯಿತು. ಕೇಂದ್ರ ಸಾಹಿತ್ಯ ಅಕಾಡೆಮಿಯು 1975ರಲ್ಲಿ ಕೊಂಕಣಿಯನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಮನ್ನಿಸಿತು. 1987ರ ಫೆಬ್ರವರಿಯಲ್ಲಿ ಕೊಂಕಣಿಯು ಅಧಿಕೃತ ಭಾಷೆಯಾಯಿತು; ಅದೇ ವರ್ಷ ಮೇ 30ರಂದು ಗೋವೆ ರಾಜ್ಯವಾಯಿತು; 1992ರಲ್ಲಿ ಕೊಂಕಣಿಯು ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. 1967ರ ಆ ಒಂದು ದಿನದ ಮತವು ಭಾಷೆಗೂ ಕಾಲಕ್ರಮದಲ್ಲಿ ಆಸರೆಯಾಯಿತು.

ಆದರೆ ಎಲ್ಲ ಕಡೆಯಲ್ಲಿಯೂ ಹೀಗೆ ಸುಖಾಂತವಾಗುವುದಿಲ್ಲ. ಇದಕ್ಕೆ ಪ್ರತಿಯಾದ ಇನ್ನೊಂದು ದೃಷ್ಟಾಂತವನ್ನು ಸಂಕ್ಷೇಪವಾಗಿ ಹೇಳಬೇಕು, ಅದು ಯುರೋಪಿನದು. ಮೊದಲನೆಯ ಮಹಾಯುದ್ಧದ ತರುವಾಯ ಆಸ್ಟ್ರಿಯಾ ದೇಶದ ದಕ್ಷಿಣದಲ್ಲಿರುವ ಕಾರಿಂಥಿಯಾ ಪ್ರಾಂತದ ಒಂದು ಭಾಗವು ಆಸ್ಟ್ರಿಯಾದಲ್ಲಿಯೇ ಇರಬೇಕೆ ಅಥವಾ ಹೊಸದಾಗಿ ಹುಟ್ಟಿದ ಯುಗೋಸ್ಲಾವ್ ರಾಜ್ಯಕ್ಕೆ ಸೇರಬೇಕೆ ಎಂಬ ವಿವಾದವೆದ್ದಿತು. 1910ರ ಜನಗಣತಿಯ ಪ್ರಕಾರ ಆ ಭಾಗದಲ್ಲಿ ನೂರಕ್ಕೆ ಸುಮಾರು 70 ಮಂದಿ ಸ್ಲೊವೀನ್ ಭಾಷೆಯವರು. ಯುಗೋಸ್ಲಾವ್ ರಾಜ್ಯವೆಂದರೆ ಅವರ ಭಾಷಾಬಂಧುಗಳ ರಾಜ್ಯ. 1920ನೆಯ ಅಕ್ಟೋಬರ್ 10ರಂದು ಮತ ತೆಗೆದುಕೊಂಡಾಗ ಆಸ್ಟ್ರಿಯಾಕ್ಕೆ 22,025 ಮತಗಳೂ ಯುಗೋಸ್ಲಾವ್ ರಾಜ್ಯಕ್ಕೆ 15,279 ಮತಗಳೂ ಬಂದವು. ಸಾವಿರಾರು ಸ್ಲೊವೀನರು ಭಾಷಾಬಂಧುಗಳನ್ನು ಬಿಟ್ಟು ಆಸ್ಟ್ರಿಯಾವನ್ನು ಆರಿಸಿದರು.

ಕಾರಣಗಳು ಗೂಢವಾದವಲ್ಲ. ಆ ರೈತರ ಸಂತೆ ಇದ್ದುದು ಉತ್ತರದ ಕ್ಲಾಗೆನ್‌ಫುರ್ಟ್ ಪಟ್ಟಣದಲ್ಲಿ. ದಕ್ಷಿಣದ ಕಡೆಗೆ ಅವರನ್ನೂ ಭಾಷಾಬಂಧುಗಳನ್ನೂ ಅಗಲಿಸಿ ಕರವಾಂಕನ್ ಪರ್ವತಗಳ ಸಾಲು ನಿಂತಿದ್ದಿತು. ದನ, ಮರ, ಧಾನ್ಯ ಎಲ್ಲವನ್ನೂ ಮಾರುವ ಪೇಟೆಗೂ ತಮಗೂ ನಡುವೆ ಗಡಿಯ ಗೆರೆ ಬಿದ್ದರೆ ಬದುಕುವುದು ಹೇಗೆಂದು ಅವರು ಚಿಂತಿಸಿದರು. ಒಂದು ಕಡೆ ಅರಸೊತ್ತಿಗೆ ಮತ್ತು ಕಡ್ಡಾಯದ ಸೈನ್ಯಸೇವೆ, ಇನ್ನೊಂದು ಕಡೆ ಹೊಸ ಗಣರಾಜ್ಯ. ಯುದ್ಧದಿಂದ ಬೇಸತ್ತ ಮನೆಗಳಿಗೆ ಇದೂ ದೊಡ್ಡ ವಿಚಾರವೇ. ಇದಲ್ಲದೆ ಮತದಾನಕ್ಕೆ ಕೆಲವೇ ದಿನಗಳ ಮುಂಚೆ ಕಾರಿಂಥಿಯಾದ ಪ್ರಾಂತಸಭೆಯು ಸ್ಲೊವೀನರ ಭಾಷೆಯನ್ನೂ ಸಂಸ್ಕೃತಿಯನ್ನೂ ಕಾಪಾಡುವುದಾಗಿ ಬಹಿರಂಗವಾಗಿ ಮಾತು ಕೊಟ್ಟಿತು.

ಆ ಮಾತು ನಿಲ್ಲಲಿಲ್ಲ. ಸಂತೆ ಉಳಿಯಿತು, ಭಾಷೆ ಸೊರಗಿತು. ಹಿಟ್ಲರನ ಆಳ್ವಿಕೆಯಲ್ಲಿ ಅನೇಕ ಸ್ಲೊವೀನ್ ಕುಟುಂಬಗಳನ್ನು ಮನೆ ಹೊಲಗಳಿಂದ ಎಬ್ಬಿಸಿ ಗಡೀಪಾರು ಮಾಡಿದರು. 1955ರ ಆಸ್ಟ್ರಿಯಾ ಒಪ್ಪಂದದ ಏಳನೆಯ ವಿಧಿಯಲ್ಲಿ ಅವರಿಗೆ ಶಾಲೆಯ ಹಕ್ಕೂ ನಾಮಫಲಕಗಳ ಹಕ್ಕೂ ಬರೆಯಲ್ಪಟ್ಟವು. ಆದರೂ 1972ರಲ್ಲಿ ಊರುಗಳ ಹೆಸರನ್ನು ಎರಡು ಭಾಷೆಗಳಲ್ಲಿ ಬರೆದ ಫಲಕಗಳನ್ನು ನೆಟ್ಟಾಗ ಅವನ್ನು ಗುಂಪುಗಳು ಕಿತ್ತೆಸೆದವು. 2011ರಲ್ಲಿ 164 ಊರುಗಳಲ್ಲಿ ಅಂತಹ ಫಲಕಗಳಿರಬೇಕೆಂದು ಒಪ್ಪಂದವಾಯಿತು. ಮತ ಕೊಟ್ಟು ತೊಂಬತ್ತು ವರ್ಷಗಳಾದ ಮೇಲೆ ಊರಿನ ಹೆಸರನ್ನು ತಮ್ಮ ಭಾಷೆಯಲ್ಲಿ ಬರೆಸುವಷ್ಟು ಅವರಿಗೆ ದೊರೆಯಿತು. ಅಷ್ಟು ಹೊತ್ತಿಗೆ ಆ ಫಲಕಗಳನ್ನು ಓದಬಲ್ಲವರು ಬಹಳ ಕಡಿಮೆಯಾಗಿದ್ದರು.

ಈ ಎರಡು ಕಥೆಗಳನ್ನು ಜೊತೆಯಾಗಿ ಇಟ್ಟು ನೋಡಿದಾಗ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಮನುಷ್ಯನು ಮತ ಕೊಡುವಾಗ ಭಾಷೆ ಅವನ ಹೃದಯದಲ್ಲಿದ್ದರೂ ಬದುಕು ಅವನ ಬೆನ್ನ ಮೇಲೆ ಇರುತ್ತದೆ. ಅದಕ್ಕಾಗಿ ಅವನನ್ನು ಭಾಷಾದ್ರೋಹಿಯೆಂದು ನಿಂದಿಸುವುದು ಅನ್ಯಾಯ. ಗೋವೆಯ ಒಕ್ಕಲೂ ಕಾರಿಂಥಿಯಾದ ರೈತನೂ ತಮ್ಮ ಮಕ್ಕಳ ಹಿತವನ್ನೇ ನೋಡಿದರು. ಆದರೆ ಬದುಕಿಗಾಗಿ ಕೊಟ್ಟ ಮತವು ಭಾಷೆಯನ್ನೂ ಉಳಿಸಬೇಕಾದರೆ, ಆ ಭಾಷೆಯು ಅನ್ನ ಅಕ್ಷರ ಅಧಿಕಾರಗಳೊಡನೆ ಕೂಡಿಕೊಂಡಿರಬೇಕು. ಗೋವೆಯಲ್ಲಿ ಪಣಜಿಯ ಅಧಿಕಾರವು ಗೋವೆಯವರ ಕೈಯಲ್ಲಿಯೇ ಉಳಿದುದರಿಂದ, ಇಪ್ಪತ್ತು ವರ್ಷ ತಡವಾದರೂ, ಕೊಂಕಣಿಗೆ ಸ್ಥಾನ ದೊರೆಯಿತು. ಕಾರಿಂಥಿಯಾದಲ್ಲಿ ಅಧಿಕಾರವು ಪರರದಾಗಿ, ಕೈಯಲ್ಲಿ ಉಳಿದದ್ದು ಒಂದು ಭರವಸೆಯ ಕಾಗದ ಮಾತ್ರ.

ಇನ್ನು ನಮ್ಮ ವಿಷಯ. ಗೋವೆಯವರನ್ನು ಮತದ ಮೂಲಕ ಕೇಳುತ್ತಿದ್ದ ಅದೇ ತಿಂಗಳುಗಳಲ್ಲಿ ನಮ್ಮ ಗಡಿಯ ಪ್ರಶ್ನೆಯೂ ದಿಲ್ಲಿಯ ಮುಂದಿದ್ದಿತು. 1966ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ನಿವೃತ್ತ ಮುಖ್ಯ ನ್ಯಾಯಾಧೀಶರಾದ ಶ್ರೀ ಮೆಹರಚಂದ ಮಹಾಜನರ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ಅದರ ವರದಿ ಬಂದಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಮೈಸೂರಿಗೆ ಸೇರಬೇಕೆಂದೂ, ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕನ್ನಡ ಪ್ರದೇಶವು ಮೈಸೂರಿಗೆ ಬರಬೇಕೆಂದೂ ಅದು ಹೇಳಿತು. ನಮ್ಮನ್ನು ಯಾರೂ ಮತಪೆಟ್ಟಿಗೆಯ ಬಳಿಗೆ ಕರೆಯಲಿಲ್ಲ; ಮನವಿಗಳನ್ನು ಬರೆದೆವು, ಸಾಕ್ಷ್ಯ ಹೇಳಿದೆವು. ವರದಿಯು ಕಾರ್ಯಕ್ಕೆ ಬರಲಿಲ್ಲ. ನಮ್ಮ ಹಿರಿಯರ ಆಸೆ ವರದಿಯ ಪುಟಗಳಲ್ಲಿಯೇ ಉಳಿಯಿತು.

ಕೇಳಲಿಲ್ಲವೆಂಬ ನೋವು ನ್ಯಾಯವಾದುದೇ. ಆದರೆ ಮತಪೆಟ್ಟಿಗೆ ಬಾರದಿದ್ದ ಮಾತ್ರಕ್ಕೆ ನಾವು ಮತ ಕೊಡುತ್ತಿಲ್ಲವೆಂದು ತಿಳಿಯಬಾರದು. ಜೂನ್ ತಿಂಗಳಲ್ಲಿ ಮಗುವಿನ ಕೈ ಹಿಡಿದು ತಂದೆಯೊಬ್ಬನು ಎರಡು ಶಾಲೆಗಳ ನಡುವಿನ ದಾರಿಯಲ್ಲಿ ನಿಲ್ಲುತ್ತಾನಲ್ಲ, ಅದು ಒಂದು ಜನಮತ. ಆಗ ಅವನು ಎಣಿಸುವುದು ಗೋವೆಯ ಒಕ್ಕಲು ಎಣಿಸಿದ್ದನ್ನೇ: ಈ ಶಾಲೆಯಲ್ಲಿ ಕಲಿತರೆ ಮುಂದೆ ಕಾಲೇಜು ಉಂಟೆ, ನೌಕರಿ ಉಂಟೆ, ತಾಲೂಕು ಕಚೇರಿಯಲ್ಲಿ ಇವನ ಅರ್ಜಿಯನ್ನು ಓದುವವರು ಉಂಟೆ? ಉತ್ತರ ‘ಉಂಟು’ ಎಂದಾದರೆ ಅವನು ಕನ್ನಡಕ್ಕೆ ಮತ ಕೊಡುತ್ತಾನೆ. ‘ಇಲ್ಲ’ ಎಂದಾದರೆ ಎಷ್ಟೇ ಅಭಿಮಾನವಿದ್ದರೂ ಮಗುವಿನ ಕೈಯನ್ನು ಬೇರೆ ಬಾಗಿಲಿಗೆ ಕೊಡುತ್ತಾನೆ. ಅವನನ್ನು ಬೈದು ಫಲವಿಲ್ಲ.

ಆದುದರಿಂದ ನಮ್ಮಂತಹ ಸಂಘಗಳ ಕರ್ತವ್ಯವು ಉತ್ಸವ ಭಾಷಣಗಳಲ್ಲಿ ಮುಗಿಯುವುದಿಲ್ಲ. ಕನ್ನಡ ಶಾಲೆಗೆ ಶಿಕ್ಷಕರು ಬಂದರೇ, ಪಠ್ಯಪುಸ್ತಕಗಳು ವೇಳೆಗೆ ಮುಟ್ಟಿದವೇ, ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ಮುಂದಿನ ದಾರಿ ತೋರಿಸುವವರು ಇದ್ದಾರೆಯೇ, ಅಲ್ಪಸಂಖ್ಯಾತ ಭಾಷೆಯವರಿಗೆ ಸಂವಿಧಾನದ 350ಎ ಅನುಚ್ಛೇದವು ಹೇಳಿರುವ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವು ನಮ್ಮ ಊರಿನಲ್ಲಿ ಬರಹವಾಗಿಯೇ ಉಳಿದಿದೆಯೋ ಆಚರಣೆಗೆ ಬಂದಿದೆಯೋ, ಇವನ್ನು ಬೆನ್ನು ಹತ್ತಿ ನೋಡುವ ಕೆಲಸವು ನಮ್ಮದು. ಗಡಿಯ ಗೆರೆಯನ್ನು ಎಳೆಯುವುದು ಪಾರ್ಲಿಮೆಂಟಿನ ಕೈಯಲ್ಲಿದೆ. ಗೆರೆಯ ಈಚೆಗೆ ಕನ್ನಡವನ್ನು ಬದುಕಿನ ಭಾಷೆಯಾಗಿ ಇಟ್ಟುಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಊರಿನ ಶಾಲೆಯ ಕಡೆಗೆ ಒಂದು ಸಲ ದೃಷ್ಟಿ ಹಾಯಿಸಲೆಂದು ಪ್ರಾರ್ಥಿಸುತ್ತೇನೆ.